ಟಿ.ವಿ.ಯೊಳಗಿನ ಶ್ರೀ

ಎಪ್ಪತ್ತರ ದಶಕದ ಕೊನೆ. ನಾವು ಗೆಳೆಯರು ಕೈಯಾರೆ ಜೋಡಿಸಿದ ಪುಟ್ಟ ಕಂಪ್ಯೂಟರಿಗೆ ಪರದೆಯೇ ಇರಲಿಲ್ಲ, ಟಿ.ವಿ.ಗೆ ಸಿಕ್ಕಿಸಿದರೆ ಮಾತ್ರ ಅದರ ಆಟ. ಹತ್ತಿರದ ಹಳ್ಳಿ ಯಂಕಂಚಿಯ ಶಾಲೆಯಲ್ಲಿ ಸರ್ಕಾರ ಕೊಟ್ಟ ಟಿ.ವಿ. ಇದೆ ಎಂದು ಕೇಳಿದ್ದೇ ತಡ, ಸಿಂದಗಿಯಿಂದ ಡಬ್ಬಿ ಹೊತ್ತುಕೊಂಡು ಓಡಿದೆ. ಯಂತ್ರ ಲೆಕ್ಕ ಕೂಡಿಸುವುದನ್ನು ಊರಿಗೇ ತೋರಿಸುವ ಹುಚ್ಚು ನನಗೆ.

ಆಂಟೆನಾದ ವಾಯರು ಕಿತ್ತು ನನ್ನ ವಾಯರು ಸಿಕ್ಕಿಸಿದೆ. ಕಪ್ಪು ಗಾಜಿನ ಮೇಲೆ ಬಿಳಿ ಚುಕ್ಕೆಯೊಂದು ಮಿನುಗಿತು! ನಾನು ಕುಣಿಯುವುದೊಂದೇ ಬಾಕಿ.

"ತಡೀರಿ," ಅಂದರು ಟಿ.ವಿ.ಯ ಉಸ್ತುವಾರಿ ನೋಡುತ್ತಿದ್ದ ಗುರಬಸಪ್ಪ ಮಾಸ್ತರು. "ಹೊಸಾದು ಏನ್ ಬರದ್ರೂ ಮೊದಲ ಶ್ರೀ ಬರೀಬೇಕ್ರಿ."

ನನ್ನ ಯಂತ್ರಕ್ಕೆ ಕನ್ನಡ ಎಲ್ಲಿಂದ ಬರಬೇಕು? ಚುಕ್ಕೆಗೆ ಚುಕ್ಕೆ ಕೂಡಿಸಿ, ಬೆವರು ಸುರಿಸಿ ಶ್ರೀ ಬಿಡಿಸಿದೆ. "ಟಿ.ವಿ.ಯೊಳಗ ಶ್ರೀ ಬಂತು!" ಎಂದು ನೋಡಲು ನೆರೆದಿದ್ದ ಜನ ಚಪ್ಪಾಳೆ ಹೊಡೆದರು. ಮಾಸ್ತರು ಗಾಜಿನ ಮೇಲಿನ ಅಂಚಿಗೆ ವಿಭೂತಿ ಹಚ್ಚಿದರು.

"ಈಗ ಇದನ್ನ ಅಳಸಿ ಲೆಕ್ಕ ತೋರಸ್ತೇನ್ರಿ," ಅಂದೆ.

ಮಾಸ್ತರು ನನ್ನ ಕೈ ಹಿಡಿದೇಬಿಟ್ಟರು. "ಬರದ ಶ್ರೀ ಯಾರರ ಅಳಸ್ತಾರೇನ್ರಿ?"

ಅಳಿಸದೆ ಲೆಕ್ಕಕ್ಕೆ ಜಾಗವಿಲ್ಲ ಎಂದು ನಾನು, ಅಳಿಸಲು ಬಿಡುವುದಿಲ್ಲ ಎಂದು ಅವರು. ಅಷ್ಟರಲ್ಲಿ ಕರೆಂಟೇ ಹೋಯಿತು. ಮರಳಿ ಬಂದಾಗ ಪರದೆ ಖಾಲಿ, ಶ್ರೀ ಮಾಯ! ಮನಸ್ಸಿನಲ್ಲೇ ಕರೆಂಟಿಗೆ ಕೈಮುಗಿದು, ಖುಷಿಯಿಂದ ಗುಂಡಿಗೆ ಬೆರಳಿಟ್ಟೆ.

"ಅಳಸಿದ ಪಾಪ ನಿಮಗ ತಟ್ಟಲಿಲ್ಲ, ಚಲೋ ಆತು," ಎಂದು ಮಾಸ್ತರು ಕುರ್ಚಿ ಎಳೆದು ನೆಮ್ಮದಿಯಿಂದ ಕೂತರು. "ಹೂಂ, ಲೆಕ್ಕ ತೋರಸ್ರಿ. ಮೊದಲ ಒಂದು ಶ್ರೀ ಬರೀರಿ."