ಎಡಕ್ಕೆ ಎಳೆಯುವ ಟ್ರಂಕು

ನಮ್ಮ ಬೆಸಗರಹಳ್ಳಿಯ ವಾಟರ್‌ಮ್ಯಾನ್ ಸಿದ್ದರಾಜುವಿನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಟಿದ್ದನ್ನು ನಾನು ನಲವತ್ತು ವರ್ಷದಲ್ಲಿ ಕೇಳಿಲ್ಲ. ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಲೆಕ್ಕ ನೋಡಿ ಬರೆದುಕೊಂಡ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ. ಪರೀಕ್ಷೆಗೆ ವಾರವಿದ್ದಾಗ ಪುಸ್ತಕವನ್ನು ಯಾರಿಗೋ ಕೊಟ್ಟ ಅವನು, ಅದು ವಾಪಸ್ ಬರದೆ ಫೇಲಾಗಿ, ಊರಿನ ನೀರಿನ ಟ್ಯಾಂಕಿನ ವಾಲ್ವು ತಿರುಗಿಸುವ ಕೆಲಸಕ್ಕೆ ಸೇರಿದ. ಜನರೆದುರಿಗೆ ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಾನೆ. ಇಬ್ಬರೇ ಇದ್ದಾಗ ‘ಲೇ’.

ವಾಟರ್‌ಮ್ಯಾನ್ ಎಂದಮೇಲೆ ನಟ್ಟು ಬಿಗಿಯುವ ಪಾನ, ಸುತ್ತಿಗೆ, ಕಟಿಂಗ್ ಪ್ಲೇಯರ್ ಇರಲೇಬೇಕು. ಸಿದ್ದರಾಜು ಹತ್ತಿರ ಎಲ್ಲವೂ ಇವೆ, ಆದರೆ ಅವನ ಮನೆಯಲ್ಲಿಲ್ಲ. ನಮ್ಮೂರಿನಲ್ಲಿ ಸಾಮಾನು ಈಸಿಕೊಂಡವರು ಹಿಂದಕ್ಕೆ ಕೊಡುವುದಿಲ್ಲ, ಮುಂದಕ್ಕೆ ಕೊಡುತ್ತಾರೆ. ಹದಿನಾಲ್ಕರ ಪಾನವನ್ನು ಒಯ್ದವರು ಹಸು ಸಾಕಿರುವ ದೇವಿರಮ್ಮ. ಅವರಿಂದ ಅದು ಹಾಲಿನ ಡೇರಿಗೆ ಹೋಯಿತು, ಅಲ್ಲಿಂದ ಕೊಪ್ಪದಲ್ಲಿರುವ ಡೇರಿ ಸೆಕ್ರೆಟರಿಯ ಬೀಗರ ಮನೆಗೆ. ಯಾವುದು ಎಲ್ಲಿದೆ ಎಂಬುದು ಸಿದ್ದರಾಜುವಿಗೆ ಬಾಯಿಪಾಠ. ಹೋಗಿ ತರುವುದಕ್ಕೆ ಮಾತ್ರ ಸಂಕೋಚ.

‘ಕೇಳಿದ್ರೆ ಏನಂದ್ಕಂಡಾರು ಕಣ್ಲಾ?’

‘ನಿನ್ನ ಸಾಮಾನು ನೀನು ಕೇಳೋದಕ್ಕೆ ಏನಂದುಕೊಳ್ತಾರೆ?’

‘ಅವ್ರ್ ಕೆಲ್ಸ ಮುಗಿದಿದ್ರೆ ಅವ್ರೇ ಕೊಡ್ತಿದ್ರು, ಬುಡು.’

ಈ ಮನುಷ್ಯನಿಗೆ ಒಂದೇ ಒಂದು ಆಸೆ. ಮದ್ದೂರಿನ ಡ್ರಿಲ್ ಮೇಷ್ಟ್ರು ರಾಜೇಂದ್ರ ನಾಲ್ಕು ವರ್ಷದ ಹಿಂದೆ ಒಂದು ಬೈಕ್ ಬಳಗ ಕಟ್ಟಿದರು. ಭಾನುವಾರ ಬಂತೆಂದರೆ, ಟಾರು ರಸ್ತೆ ಬಿಟ್ಟು, ನಾಲೆ ಏರಿ, ಗೋಮಾಳ, ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿ ಅಂತ ಹುಡುಕಿಕೊಂಡು ಹೋಗಿ ಮಣ್ಣಿನಲ್ಲಿ ಗಾಡಿ ಓಡಿಸುವುದು. ನಲವತ್ತು ದಾಟಿದ ಹತ್ತು ಜನ ಇದ್ದೇವೆ. ಮೊದಲ ಸಲವೇ ಕತ್ತಾಳೆ ಪೊದೆಯೊಳಕ್ಕೆ ಗಾಡಿ ನುಗ್ಗಿಸಿದ ಮೇಲೆ ನನ್ನನ್ನು ಒಮ್ಮತದಿಂದ ನೀರಿನ ಬಾಟಲಿಗಳ ಉಸ್ತುವಾರಿಗೆ ಹಾಕಿದ್ದಾರೆ. ನನಗೇನೂ ಬೇಸರವಿಲ್ಲ. ಆದರೆ ಸಿದ್ದರಾಜು ನಿಜವಾದ ಸವಾರ. ಮೂರು ಗುಜರಿ ಗಾಡಿ ಸೇರಿಸಿ ತಾನೇ ಕಟ್ಟಿದ ಟೂ ಸ್ಟ್ರೋಕ್ ಬೈಕು ಅವನದು. ಮಳವಳ್ಳಿ ಆಚೆಯ ಕ್ವಾರಿಯಲ್ಲಿ ಒಂದು ದಿಬ್ಬವಿದೆ, ಮನೆಯ ಸೂರಿನಷ್ಟು ಕಡಿದು. ಅದನ್ನು ಹತ್ತಬೇಕೆಂದು ಅವನಿಗೆ ನಾಲ್ಕು ವರ್ಷದ ಹಂಬಲ. ಹತ್ತಲು ಹೊರಟಾಗಲೆಲ್ಲ ಒಬ್ಬರ ಚೈನು ಕಳಚುತ್ತದೆ, ಇನ್ನೊಬ್ಬರ ಕ್ಲಚ್ ವೈರು ಹರಿಯುತ್ತದೆ. ‘ಸಿದ್ದರಾಜು, ವಸಿ ನೋಡಪ್ಪ’ ಎನ್ನುತ್ತಾರೆ. ನೋಡುತ್ತಾ ಕೂತವನಿಗೆ ಸಂಜೆಯಾಗುತ್ತದೆ.

ಕಳೆದ ಸಲ ಆ ರಿಪೇರಿಯೂ ಆಗಲಿಲ್ಲ. ರಾಜೇಂದ್ರ ಅವರ ಗಾಡಿಗೆ ಬೇಕಾಗಿದ್ದು ಹದಿನಾಲ್ಕರ ಪಾನ, ಅದು ಕೊಪ್ಪದಲ್ಲಿತ್ತು. ಅವರು ಗಾಡಿಯನ್ನು ಮೂರು ಮೈಲಿ ತಳ್ಳಿದರು. ಮಾರನೆಯ ದಿನ ಗುಂಪಿಗೆ ವಾಟ್ಸಾಪ್ ಮೆಸೇಜು ಬಂತು: ಮುಂದಿನ ಸವಾರಿಗೆ ಸಾಮಾನು ಪೂರ್ತಿ ಇರದಿದ್ದರೆ ಮಂಡ್ಯದಿಂದ ಬೇರೆ ಮೆಕ್ಯಾನಿಕ್ ಬರುತ್ತಾರೆ, ಸಿದ್ದರಾಜು ಬರುವುದು ಬೇಡ. ಅವನು ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿ, ಸೀದಾ ನಮ್ಮ ಮನೆಗೆ ಬಂದು ಜಗಲಿ ಮೇಲೆ ಕೂತ.

‘ಲೇ, ಒಂದು ಗಾಡಿ ಮಾಡ್ಬೇಕು ಕಣ್ಲಾ. ಚಕ್ರದ್ದು. ಎಲ್ಲಾ ಸಾಮಾನೂ ಅದ್ರಾಗೇ. ಮುಚ್ಚಳ ತೆಗುದ್ರೆ ಯಾವ್ದು ಎಲ್ಲೈತೆ ಅಂತ ಕುರುಡನ್ಗೂ ತಿಳೀಬೇಕು. ಆಗ ಅವ್ರವ್ರ ಗಾಡಿ ಅವ್ರೇ ರಿಪೇರಿ ಮಾಡ್ಕತಾರೆ. ನಾನು ದಿಬ್ಬ ಅತ್ತುತೀನಿ.’

‘ಯಾವಾಗ?’

‘ಬರಾ ಭಾನ್ವಾರ.’

‘ಇವತ್ತು ಸೋಮವಾರ.’

‘ಅದ್ಕೇ ನಿನ್ತಾವ್ ಬಂದಿದ್ದು. ನೀನು ಲೆಕ್ಕದ್ ಮೇಷ್ಟ್ರಲ್ವ.’

ಇಂಥ ಮಾತಿಗೆ ಉಬ್ಬಿ ನಾನು ಕೆಟ್ಟಿದ್ದು ಇದೇ ಮೊದಲಲ್ಲ.

ಗಾಡಿಗೆ ಮೊದಲು ಪೆಟ್ಟಿಗೆ ಬೇಕು. ಸಿದ್ದರಾಜುವಿನ ಹೆಂಡತಿ ಅರುಂಧತಿ ನಮ್ಮೂರಿನ ಅಂಗನವಾಡಿ ಟೀಚರು. ಮದುವೆಯಲ್ಲಿ ತವರಿನಿಂದ ಬಂದ ಅವಳ ಕಬ್ಬಿಣದ ಟ್ರಂಕಿನ ಮೇಲೆ ಇವನ ಕಣ್ಣು ಬಿತ್ತು. ಕೇಳುವ ಧೈರ್ಯವಿಲ್ಲದೆ ನನ್ನನ್ನು ಮುಂದೆ ಬಿಟ್ಟ.

‘ನೋಡಣ್ಣ,’ ಎಂದಳು ಅರುಂಧತಿ, ‘ನನ್ ಇಳಗೆಮಣೆ ಎಲ್ಲೈತೆ ಕೇಳು ಇವ್ರ. ಮೂರ್ ತಿಂಗ್ಳಿಂದ ಚಾಕ್ನಾಗೆ ತರ್ಕಾರಿ ಎಚ್ಚತಿವ್ನಿ. ಈಗ ಟ್ರಂಕು. ನಾಳೀಕೆ ನನ್ನೂ ಯಾರಾನ ಕೇಳುದ್ರೆ ವಸಿ ತಕ್ಕೊಂಡೋಗಿ ಅಂತಾರೆ.’

‘ಅಂಗಂದ್ರೆ ಎಂಗಮ್ಮಿ?’ ಎಂದ ಸಿದ್ದರಾಜು ಬಾಗಿಲ ಹಿಂದಿನಿಂದ. ‘ನಿನ್ನ ಯಾರು ಕೇಳಾರು?’

ಈ ಉತ್ತರಕ್ಕೆ ಟ್ರಂಕು ಒಂದು ದಿನ ತಡವಾಗಿ ಸಿಕ್ಕಿತು. ಸೀರೆಗಳನ್ನು ತೆಗೆದು, ಟ್ರಂಕನ್ನು ದೂಡಿ, ‘ಒಂದೇ ಒಂದು ದಪ ದಿಬ್ಬ ಅತ್ತಿ ಬರ್ಲಿ ಅಣ್ಣ, ಆಮೇಲೆ ಮಾತಾಡ್ತೀನಿ’ ಎಂದಳು. ಸಾಲದ್ದಕ್ಕೆ ತನ್ನ ಕೆಂಪು ಉಗುರುಬಣ್ಣದ ಸೀಸೆಯನ್ನೂ ಕೊಟ್ಟಳು. ಸಿದ್ದರಾಜು ಅದರಿಂದ ಮುಚ್ಚಳದ ಒಳಗೆ ಒಂದೊಂದು ಸಾಮಾನಿನ ಆಕಾರ ಬರೆದ. ಸಾಮಾನು ಊರ ತುಂಬ ಹರಡಿತ್ತಾದ್ದರಿಂದ ಎಲ್ಲವನ್ನೂ ನೆನಪಿನಿಂದಲೇ ಬರೆದ. ಇಪ್ಪತ್ತಾರು ಸಾಮಾನು, ಒಂದೂ ತಪ್ಪಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಚಕ್ರಕ್ಕೆ ಮೊದಲು ಸ್ಟೂಲಿನ ಪುಟ್ಟ ಚಕ್ರ ಹಾಕಿ ನೋಡಿದೆವು. ಅಂಗಳದ ಮಣ್ಣಿನಲ್ಲಿ ಅವು ಹೂತುಕೊಂಡು, ಟ್ರಂಕು ಮುನಿಸಿಕೊಂಡ ಎಮ್ಮೆಯ ಹಾಗೆ ಕೂತುಬಿಟ್ಟಿತು. ದೊಡ್ಡ ಚಕ್ರವೇ ಬೇಕು. ನಮ್ಮ ಕೊಟ್ಟಿಗೆಯಲ್ಲಿ ನನ್ನ ಮಾವ ಮದುವೆಗೆ ಕೊಟ್ಟ ಮೊಪೆಡ್ ಇತ್ತು. ಓಡದೆ ಹದಿನೈದು ವರ್ಷವಾಗಿತ್ತು. ಆದರೂ ನನ್ನ ಹೆಂಡತಿ ಕುಸುಮ ಪ್ರತಿ ಆಯುಧಪೂಜೆಗೆ ಅದಕ್ಕೆ ಹೂವು ಮುಡಿಸುತ್ತಿದ್ದಳು. ಅದರ ಎರಡೂ ಚಕ್ರ ಬಿಚ್ಚಿದ ಮೇಲೆ ನಮ್ಮ ಮನೆಯಲ್ಲಿ ಏನೇನು ನಡೆಯಿತು ಎಂಬುದು ಇಲ್ಲಿ ಬೇಡ. ಅವಳು ಈಗಲೂ ಇಟ್ಟಿಗೆಯ ಮೇಲೆ ನಿಂತ ಆ ಮೊಪೆಡ್ಡಿನ ಮುಂದೆ ನನ್ನ ಕಡೆ ನೋಡದೆ ಹಾದುಹೋಗುತ್ತಾಳೆ.

ಇನ್ನು ಚಕ್ರದ ರಾಡು ಎಲ್ಲಿ ಕೂರಬೇಕೆಂದು ಟ್ರಂಕಿನ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಗುರುತು ಹಾಕಬೇಕು. ಅದು ನನ್ನ ಕೆಲಸ. ಟೇಪು ಕೇಳಿದೆ.

‘ಟೇಪು ಗಾರೆಯವ್ರು ಈಸ್ಕಂಡು ಓಗವ್ರೆ,’ ಎಂದ ಸಿದ್ದರಾಜು. ‘ಗೇಣಾಕು ಬುಡ್ಲಾ. ನಮ್ಮಪ್ಪ ಮನೇನೇ ಗೇಣಾಕಿ ಕಟ್ಟಿಲ್ವ? ಈ ಮಗ್ಗುಲು ನಾನಾಕ್ತೀನಿ, ಆ ಮಗ್ಗುಲು ನೀನಾಕು. ಮುಂದಿನ್ ಅಂಚಿಂದ ಎಲ್ಡು ಗೇಣು.’

ಹಾಕಿದೆವು. ಎಡಕ್ಕೆ ಅವನ ಎರಡು ಗೇಣು, ಬಲಕ್ಕೆ ನನ್ನ ಎರಡು ಗೇಣು. ಅವನದು ವಾಲ್ವು ತಿರುಗಿಸಿದ ಕೈ, ಮೊರದಗಲ. ನನ್ನದು ಸೀಮೆಸುಣ್ಣ ಹಿಡಿದ ಕೈ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾನಾಂತರ ರೇಖೆಗಳ ಪಾಠ ಮಾಡುತ್ತಿರುವ ಮನುಷ್ಯನಿಗೆ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ. ವೆಲ್ಡಿಂಗ್ ಅಂಗಡಿಯ ಅಂಕಯ್ಯ ನಾವು ಗುರುತು ಮಾಡಿದ ಕಡೆ ರಾಡು ಕೂರಿಸಿ ಬೆಸೆದು, ಹಿಡಿ ಹಾಕಿ, ರಸ್ತೆಯಲ್ಲಿ ಎಳೆದು ನೋಡಿದ. ಗಾಡಿ ನಾಲ್ಕು ಹೆಜ್ಜೆ ನೆಟ್ಟಗೆ ಬಂದು ಎಡಕ್ಕೆ ತಿರುಗಿ ಚರಂಡಿಯ ಕಡೆ ಹೊರಟಿತು. ಇನ್ನೊಮ್ಮೆ ಎಳೆದ. ಮತ್ತೆ ಚರಂಡಿ.

‘ಅಳ್ತೆ ಯಾರ್ದು?’ ಎಂದ ಅಂಕಯ್ಯ.

‘ಮೇಷ್ಟ್ರುದು,’ ಎಂದ ಸಿದ್ದರಾಜು ತಕ್ಷಣ. ಎಲ್ಲ ಕೊಡುವವನು, ಇದನ್ನೂ ನನಗೇ ಕೊಟ್ಟ.

‘ಲೆಕ್ಕದ್ ಮೇಷ್ಟ್ರುದಾ?’ ಅಂಕಯ್ಯ ಕನ್ನಡಕ ಹಣೆಗೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ನಮ್ ಐಕ್ಳು ನಿಮ್ತಾವೇ ಓದದು ಕಣ್ ಸಾ.’

ಬಿಚ್ಚಿ ಬೆಸೆಯೋಣವೆಂದರೆ ಕರೆಂಟು ಹೋಯಿತು. ಲೈನಿನ ಕೆಲಸ ನಡೀತಿದೆ, ಸೋಮವಾರದವರೆಗೆ ಹೀಗೇ ಬಂದು ಹೋಗುತ್ತೆ, ಮಂಗಳವಾರ ಬನ್ನಿ ಎಂದ. ಸವಾರಿ ಭಾನುವಾರ.

ಶನಿವಾರವಿಡೀ ಸಾಮಾನು ಒಟ್ಟುಮಾಡಿದೆವು. ಸಿದ್ದರಾಜುವಿಗೆ ಸಂಕೋಚವಾದ್ದರಿಂದ ಬಾಗಿಲು ತಟ್ಟುವುದು ನಾನು. ಅವನು ಬೀದಿಯ ತಿರುವಿನಲ್ಲಿ ನಿಲ್ಲುವುದು. ದೇವಿರಮ್ಮನ ಮನೆಯಲ್ಲಿ ಅವನ ಸುತ್ತಿಗೆ ಹಸುವಿನ ಗೂಟದ ಪಕ್ಕ ಸಿಕ್ಕಿತು.

‘ಎತ್ಕಂಡು ಓದೀಯಾ?’ ಎಂದರು ದೇವಿರಮ್ಮ, ನಾನು ಅವರ ಹಸುವನ್ನೇ ಬಿಚ್ಚುತ್ತಿದ್ದೇನೆ ಎಂಬಂತೆ. ‘ನಾಳೀಕೆ ಗೂಟ ಕಿತ್ಕಂಡ್ರೆ ಏನ್ಲಾ ಮಾಡ್ಲಿ?’

‘ಅಮ್ಮ, ಇದು ಸಿದ್ದರಾಜುದು.’

‘ಅವಂದೇ ಕಣಪ್ಪ, ಯಾರಿಲ್ಲ ಅಂದ್ರು? ಅವ್ನು ಕೇಳ್ಲಿಲ್ವಲ್ಲ, ನಿಂದೇನು?’

ಊರಿನಲ್ಲಿ ಸಾಮಾನುಗಳ್ಳ ಎನಿಸಿಕೊಂಡು, ಎಂಟು ಮನೆಯಲ್ಲಿ ಎಂಟು ಲೋಟ ಕಾಫಿ ಕುಡಿದು, ಕೊಪ್ಪಕ್ಕೂ ಹೋಗಿ, ಕತ್ತಲಾಗುವ ಮೊದಲು ಇಪ್ಪತ್ತಾರನ್ನೂ ತಂದೆವು. ಸಿದ್ದರಾಜು ಒಂದೊಂದನ್ನೇ ಅದರದರ ಕೆಂಪು ಗೆರೆಯೊಳಗೆ ತೂಗುಹಾಕಿ ಮುಚ್ಚಳ ಮುಚ್ಚಿ, ಮತ್ತೆ ತೆಗೆದು ನೋಡಿ, ಮತ್ತೆ ಮುಚ್ಚಿದ.

ಭಾನುವಾರ ಗೂಡ್ಸ್ ಆಟೋದಲ್ಲಿ ಗಾಡಿಯನ್ನು ಕ್ವಾರಿಯ ಹತ್ತಿರದ ಟಾರು ರಸ್ತೆವರೆಗೆ ತಂದೆವು. ಅಲ್ಲಿಂದ ದಿಬ್ಬದ ಬುಡದ ಹೊಂಗೆಮರಕ್ಕೆ ಅರ್ಧ ಮೈಲಿ. ಬೈಕುಗಳೆಲ್ಲ ಮುಂದೆ ಹೋದವು. ಸಿದ್ದರಾಜು ತನ್ನ ಬೈಕನ್ನು ಮರದ ಕೆಳಗೆ ಬಿಟ್ಟು ಓಡಿಬಂದು ಹಿಡಿ ಹಿಡಿದ. ನಾನು ಎಡಮಗ್ಗುಲಿಗೆ ಹೆಗಲು ಕೊಟ್ಟೆ. ಹತ್ತು ಹೆಜ್ಜೆಗೊಮ್ಮೆ ಗಾಡಿ ಪಕ್ಕದ ಕಬ್ಬಿನ ಗದ್ದೆಯೊಳಕ್ಕೆ ಇಳಿಯಲು ಹಟ ಹಿಡಿಯುತ್ತಿತ್ತು. ಸಾಮಾನುಗಳು ಗಲಗಲ ಎನ್ನುತ್ತಿದ್ದವು. ಆ ಸದ್ದಿಗೆ ಸುತ್ತಲಿನ ಹೊಲಗಳಿಂದ ಜನ ತಲೆಯೆತ್ತಿ ನೋಡಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೊಂಗೆಮರ ಮುಟ್ಟಿ ಸಿದ್ದರಾಜು ಮುಚ್ಚಳ ತೆಗೆದ. ರಾಜೇಂದ್ರ ಬಂದು, ಕೈ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಹುಡುಗರ ಉಗುರು ನೋಡುವ ಹಾಗೆ ಒಂದೊಂದನ್ನೂ ನೋಡಿದರು. ಹದಿನಾಲ್ಕರ ಪಾನವನ್ನು ಮುಟ್ಟಿಯೇ ನೋಡಿದರು. ‘ಪರ್ವಾಗಿಲ್ಲ ಸಿದ್ದರಾಜು. ಇವತ್ತು ನೀನೇ ಮೊದಲು ಹತ್ತು’ ಎಂದರು.

ಸಿದ್ದರಾಜು ಹೆಲ್ಮೆಟ್ಟು ಹಾಕಿ, ಬೈಕಿಗೆ ಒದ್ದು, ಇನ್ನೇನು ಗೇರು ಹಾಕಬೇಕು, ಆಗ ಕಬ್ಬಿನ ಗದ್ದೆಯ ಮಗ್ಗುಲಿಂದ ಮುದುಕಿಯೊಬ್ಬಳು ಬಂದಳು. ಹೆಗಲಲ್ಲಿ ಔಷಧಿ ಹೊಡೆಯುವ ಸ್ಪ್ರೇಯರು. ಹೆಸರು ಹೊಂಬಾಳಮ್ಮ ಎಂದು ಆಮೇಲೆ ತಿಳಿಯಿತು, ಮರೆಯದ ಹಾಗೆ ತಿಳಿಯಿತು.

‘ರಿಪೇರಿ ಗಾಡಿಯೇನ್ರಪ್ಪ? ಇದ್ರ್ ಮೂತೀಲಿ ಸೋರ್ತದೆ, ವಸಿ ಬಿಗಿ ಮಾಡ್ಕೊಡಿ.’

ಅವಳ ಹಿಂದೆ ಒಬ್ಬ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಅವನ ಹಿಂದೆ ಇಬ್ಬರು ಪಂಪ್‌ಸೆಟ್ಟಿನ ಪೈಪು ಹೊತ್ತಿದ್ದರು. ಸಿದ್ದರಾಜು ದಿಬ್ಬ ನೋಡಿದ. ಮುದುಕಿಯನ್ನು ನೋಡಿದ. ಅವನ ಕೈ ಬೈಕಿನ ಕೀಲಿಕೈ ಕಡೆ ಹೋಗುವುದು ಕಂಡಿತು. ಆಫ್ ಮಾಡಿದರೆ ಮುಗಿಯಿತು; ನಾಲ್ಕು ವರ್ಷದಿಂದ ಹೀಗೆಯೇ ಮುಗಿದಿದೆ. ನನಗೆ ಎಂಟು ಲೋಟ ಕಾಫಿ ನೆನಪಾಯಿತು, ಕುಸುಮಳ ಮುಖ ನೆನಪಾಯಿತು.

‘ಆಗಲ್ಲ ಅಂತ ಹೇಳೋ!’ ಎಂದು ಅರಚಿದೆ. ‘ಬಾಯಿ ಬಿಟ್ಟು ಒಂದು ಸಲ ಹೇಳೋ!’

ಅವನು ಹೇಳಿದ. ಆದರೆ ‘ಆಗಲ್ಲ’ ಅಂತಲ್ಲ.

‘ಅವ್ವ, ಅಗೋ ಅವ್ರು ಮೇಷ್ಟ್ರು. ನನ್ಗಿಂತ ಚೆನ್ನಾಗಿ ಮಾಡ್ತಾರೆ. ಏನ್ ಬೇಕೋ ಅವ್ರ ಕೇಳು.’

ಹೀಗೆಂದವನೇ ಗೇರು ಹಾಕಿದ. ಬೈಕು ಅರಚಿತು, ಜಲ್ಲಿ ಹಾರಿತು, ಹೊಗೆ ಎದ್ದಿತು. ಅರ್ಧದಲ್ಲಿ ಮುಂದಿನ ಚಕ್ರ ಮೇಲೆದ್ದು ಎಲ್ಲರೂ ‘ಅಯ್ಯೋ’ ಎಂದರು. ಅವನು ಹ್ಯಾಂಡಲ್ ಮೇಲೆ ಮೈಯೆಲ್ಲ ಹೇರಿದ. ಆಮೇಲೆ ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಸಿದ್ದರಾಜು ನಿಂತಿದ್ದ, ಎರಡೂ ಕೈ ಮೇಲೆತ್ತಿ. ರಾಜೇಂದ್ರ ಪೀಪಿ ಊದಿದರು. ನಾನೂ ನೋಡಬೇಕೆಂದಿದ್ದೆ, ಹೊಂಬಾಳಮ್ಮ ಸ್ಪ್ರೇಯರನ್ನು ನನ್ನ ಎದೆಗೆ ಒತ್ತಿದಳು.

‘ಅಲ್ಲೇನ್ ನೋಡೀರಿ ಮೇಷ್ಟ್ರೇ? ಇಲ್ನೋಡಿ.’

ಅವನು ಒಂದು ಸಲ ಹತ್ತಿ ಇಳಿದು ಬರುತ್ತಾನೆಂದುಕೊಂಡಿದ್ದೆ. ಒಂಬತ್ತು ಸಲ ಹತ್ತಿದ. ಅಷ್ಟರಲ್ಲಿ ಹೊಂಗೆಮರದ ಕೆಳಗೆ ನಾನು ಸ್ಪ್ರೇಯರಿನ ಮೂತಿ ಮುರಿದು, ಸೈಕಲ್ಲಿನ ಚೈನು ಹಿಂದುಮುಂದಾಗಿ ಹಾಕಿ, ಪೈಪಿನವರ ಕೈಯಲ್ಲಿ ಬಾಯಿಗೆ ಬಂದಂತೆ ಅನ್ನಿಸಿಕೊಂಡೆ. ‘ಬುಡಿ ಸಾ, ನಾವೇ ಮಾಡ್ಕತೀವಿ’ ಎಂದು ಒಬ್ಬೊಬ್ಬರೂ ಬೇಕಾದ್ದನ್ನು ಕೆಂಪು ಗೆರೆಯಿಂದ ಬಿಡಿಸಿಕೊಂಡು ಹೋದರು. ನಾನು ‘ಇಲ್ಲ’ ಎನ್ನಬೇಕಿತ್ತು. ಆಶ್ಚರ್ಯವೆಂದರೆ, ಹಾಗೆ ಎದುರಿಗೆ ನಿಂತು ಕೇಳಿದಾಗ ಅದು ಬಾಯಿಗೆ ಬರುವುದೇ ಇಲ್ಲ. ಏನಂದುಕೊಂಡಾರು?

ಸಂಜೆ ಮುಚ್ಚಳದಲ್ಲಿ ಹನ್ನೊಂದು ಸಾಮಾನು ಇದ್ದವು. ಹದಿನೈದು ಉಗುರುಬಣ್ಣದ ಗೆರೆಗಳು ಖಾಲಿ. ರಾಜೇಂದ್ರ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಬಳಗದಲ್ಲಿ ಇನ್ನು ಮುಂದೆ ಸಿದ್ದರಾಜು ಸವಾರ ಮಾತ್ರ, ಗಾಡಿಯ ಜವಾಬ್ದಾರಿ ಮೇಷ್ಟ್ರದು ಎಂದು ಅಲ್ಲಿಯೇ ತೀರ್ಮಾನವಾಯಿತು. ನೀರಿನ ಬಾಟಲಿಯಿಂದ ನನಗೆ ಬಡ್ತಿ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಸಿದ್ದರಾಜು ನಮ್ಮ ಬಾಗಿಲಲ್ಲಿ ಬೈಕು ನಿಲ್ಲಿಸಿ ಹಾರನ್ನು ಹೊಡೆಯುತ್ತಾನೆ. ‘ಸಾಮಾನು ತರ್ಬೇಕಲ್ವ ಮೇಷ್ಟ್ರೇ?’ ಅನ್ನುತ್ತಾನೆ, ಮುಖದಲ್ಲಿ ನಗು ತಡೆಯಲಾರದೆ. ಇಬ್ಬರೂ ಹೋಗುತ್ತೇವೆ. ಅವನು ನನ್ನನ್ನು ಹೊಂಬಾಳಮ್ಮನ ಮನೆ ಮುಂದೆ ಇಳಿಸಿ ದಿಬ್ಬಕ್ಕೆ ಹೋಗುತ್ತಾನೆ. ನಾನು ಬಾಗಿಲು ತಟ್ಟುತ್ತೇನೆ. ಹದಿನಾಲ್ಕರ ಪಾನ ಈಗ ಕಿರುಗಾವಲಿನಲ್ಲಿ ಅವಳ ತಂಗಿಯ ಮನೆಯಲ್ಲಿದೆಯಂತೆ.