ಅಣ್ಣನ ಟ್ರಂಕಿನಾಗಿದ್ದ ಕಾಗದ

ನನ್ನ ಎದಿಯೊಳಗ ಒಂದು ರಕ್ತನಾಳ ಎರಡನೇ ಸಲ ದುಡಿಯಾಕತ್ತೈತಿ. ಎರಡನೇ ಬೈಪಾಸ್ ಆಗಿ ವರ್ಷಗಳಾದವು, ಇನ್ನೂ ಚೆನ್ನಾಗೇ ಐತಿ. ಅದಕ್ಕ ನಿಮ್ಮಣ್ಣನ ಉಪಕಾರ ನೆನಿಬೇಕು ಅಂತ ಮಂದಿ ಹೇಳ್ತಾರ. ನೆನಸ್ತೀನಿ, ಹಲ್ಲು ಕಡಕೊಂಡು ನೆನಸ್ತೀನಿ.

ನಾನು ಟಿ.ಬಿ. ಡ್ಯಾಂ ಕಾಲುವಿ ಮ್ಯಾಲೆ ಲಷ್ಕರ್, ಅಂದ್ರ ನೀರು ಬಿಡೋ ಆಳು, ಇದ್ದೆ. ತೂಬಿನ ಗೇಟು ಎತ್ತೋದು, ಇಳಿಸೋದು, ಬೀಗ ಹಾಕೋದು. ಮೊದಲ ಸಲ ಎದಿ ಕೊಯ್ಸಿಕೊಂಡಾಗ ಮದ್ರಾಸಿಗೆ ಕರಕೊಂಡು ಹೋದವ ಅಣ್ಣ. ಆಪರೇಷನ್ನಿಗೆ ಸಹಿ ಹಾಕಿದವನೂ ಅವನೇ. ಆಮ್ಯಾಲೆ ಬುಕ್ಕಸಾಗರದ ಅವನ ಮನ್ಯಾಗೇ ಎರಡು ತಿಂಗಳು ಮಲಗಿ ಎದ್ದೆ. ಮರುವರ್ಷ ಅವನ ಭತ್ತ ಹಾಲುಗಾಳಿನಾಗ ಇತ್ತು, ನೀರಿಲ್ಲದಿದ್ರ ಜೊಳ್ಳಾಗತಿತ್ತು, ಆದ್ರ ನೀರಿನ ಪಾಳಿ ಬೇರೆಯವರದಿತ್ತು. ಗೇಟು ಎತ್ತು ಅಂದ, ನಾನು ಎತ್ತಲಿಲ್ಲ. ಹಾಡಹಗಲೇ ಬಂದು ಬೀಗ ಒಡೆದ. ನಾನು ರಿಪೋರ್ಟು ಬರೆದೆ. ಅವ ಎರಡು ದಿನ ಪೊಲೀಸ್ ಸ್ಟೇಷನ್ನಿನಾಗ ಕುಂತು ಬಂದ. ಅಲ್ಲಿಗೆ ನಮ್ಮ ಮಾತುಕತಿ ನಿಂತಿತು.

ಹತ್ತು ಹನ್ನೆರಡು ವರ್ಷಕ್ಕ ಎದಿನೋವು ತಿರುಗಿ ಬಂತು. ಬೆಂಗಳೂರಿನ ಡಾಕ್ಟರು ಫಿಲಂ ನೋಡಿ, ಕಾಲಿನಿಂದ ತೆಗೆದು ಹಾಕಿದ್ದ ನಾಳ ಎಲ್ಲಾ ಮುಚ್ಚಿಹೋಗ್ಯಾವ, ಎದಿಗೂಡಿನ ಒಳಗೋಡಿಯಿಂದ ತಂದು ಜೋಡಿಸಿದ್ದ ನಾಳ ಒಂದರಾಗೇ ರಕ್ತ ಹರಿಯಾಕತ್ತೈತಿ ಅಂದ್ರು. ಅದು ಕೂಡೋ ಜಾಗದ ಮುಂದ ಹೃದಯದ ನಾಳ ಕಟ್ಟಿಕೊಂಡಿತ್ತಂತ. ಹಳೇದನ್ನೇ ಬಿಡಿಸಿ ಇನ್ನಷ್ಟು ಕೆಳಗ ಜೋಡಿಸ್ತಾರಂತ.

"ಹಳೇದ್ಯಾಕ? ಹೊಸಾದು ಹಾಕ್ರಿ," ಅಂತ ಹರಿಹಾಯ್ದೆ.

"ಅದಕ್ಕಿಂತ ಒಳ್ಳೇದು ನಿಮ್ಮ ಮೈಯಲ್ಲಿ ಇನ್ನೊಂದಿಲ್ಲ," ಅಂದ್ರು. "ಆದರೆ ಎದೆಮೂಳೆ ಬಿಚ್ಚುವಾಗ ಗರಗಸ ಅದಕ್ಕೆ ತಾಗಿದರೆ ಟೇಬಲ್ ಮೇಲೇ ಹೋಗಿಬಿಡ್ತೀರಿ. ಅದನ್ನ ಎಲ್ಲಿಂದ ಹಾಯಿಸಿದ್ದಾರೆ ಅಂತ ಹಿಂದಿನವರು ಬರೆದ ಕಾಗದ ತನ್ನಿ."

ಮದ್ರಾಸಿನವರು, ಅಷ್ಟು ಹಳೇ ಕಾಗದ ನಮ್ಮಲ್ಲಿಲ್ಲ ಅಂತ ಬರೆದ್ರು. ಇದ್ದ ಒಂದೇ ಪ್ರತಿ ಅಣ್ಣನ ಟ್ರಂಕಿನಾಗ. ಥೂ, ಇದಕ್ಕಿಂತ ಸಾಯೋದೇ ಮೇಲು ಅಂದೆ. "ಸಾಯೋದಿದ್ರ ನನ್ನ ಮುಂದ ಕುಂತು ಸಾಯಬ್ಯಾಡ್ರಿ, ಬುಕ್ಕಸಾಗರಕ್ಕ ಹೋಗಿ ಬರ್ರಿ," ಅಂತ ಹೆಂಡ್ತಿ ಬಸ್ಸಿಗೆ ಹತ್ತಿಸಿದಳು.

ಅಣ್ಣ ಅಂಗಳದಾಗ ಭತ್ತದ ಮೂಟೆ ಹೊಲಿಯಾಕತ್ತಿದ್ದ. ಕುಂದ್ರು ಅನ್ನಲಿಲ್ಲ. ನಾನೂ ಕುಂದ್ರಲಿಲ್ಲ. ಬಸ್ಸಿಳಿದು ನಾಲ್ಕು ಹೆಜ್ಜಿಗೇ ಎದಿ ಹಿಡಿದಿತ್ತು, ಕಟ್ಟೆ ಹಿಡಕೊಂಡು ನಿಂತೇ ಸಂಗತಿ ಹೇಳಿದೆ. ಅವ ದಬ್ಬಣ ಮೂಟೆಗೆ ಚುಚ್ಚಿಟ್ಟು ಒಳಗ ಹೋಗಿ ಕಾಗದ ತಂದ. ಪ್ಲಾಸ್ಟಿಕ್ಕಿನಾಗ ಸುತ್ತಿ ಇಟ್ಟಿದ್ದ, ಒಂದು ಹುಳಾನೂ ಮುಟ್ಟಿರಲಿಲ್ಲ.

"ನಿನ್ನ ಸಲುವಾಗಿ ಕೊಡಾಕತ್ತಿಲ್ಲ," ಅಂದ. "ಅವತ್ತು ಮದ್ರಾಸಿನ ಡಾಕ್ಟರು ಕಾಲಿನ ನಾಳ ಸಾಕು ಅಂತಿದ್ರು. ಎದಿಯಾಗಿನದೂ ಒಂದು ಹಾಕ್ರಿ, ಬಾಳಿಕಿ ಬರತೈತಿ ಅಂತ ಅವರ ಕಾಲಿಗೆ ಬಿದ್ದವ ನಾನು. ಅದನ್ನ ಇನ್ಯಾವನೋ ಕೊಯ್ದು ಹಾಳು ಮಾಡಬಾರದು."

ಇದು ನನಗ ಗೊತ್ತೇ ಇರಲಿಲ್ಲ. ಅವನ ಮ್ಯಾಲೆ ರಿಪೋರ್ಟು ಬರೆದ ದಿನವೂ ಅವ ಹಾಕಿಸಿದ ನಾಳದಿಂದಲೇ ನಾನು ಬದುಕಿದ್ದೆ. ನಾಚಿಕಿ ಆತು. ನಾಚಿಕಿಗಿಂತ ಸಿಟ್ಟು ಜಾಸ್ತಿ ಬಂತು. ಅವತ್ತು ಗೇಟಿನ ಮುಂದ ನಿಂತಾಗ ಅವ ಈ ಮಾತೊಂದು ಅಂದಿದ್ರ ನಾನೇ ಬೀಗ ತೆಗೆದು ನೀರು ಬಿಡ್ತಿದ್ದೆ. ಅದು ಗೊತ್ತಿದ್ದೂ ಅನ್ನಲಿಲ್ಲ, ಪುಣ್ಯಾತ್ಮ.

ಹೇಳಬೇಕಾದ ಮಾತು ಒಂದಿತ್ತು. ಬಾಯಿಂದ ಬಂದದ್ದು ಬೇರೆ.

"ಬೀಗ ಒಡೆದದ್ದು ಮಾತ್ರ ತಪ್ಪೇ," ಅಂದೆ.

"ತಪ್ಪೇ," ಅಂದ ಅಣ್ಣ, ಮೂಟೆ ಕಡೆ ತಿರುಗಿ. "ಜಲ್ದಿ ಹೋಗು, ಬಸ್ಸು ಹೊಂಟುಹೋಗತೈತಿ."