ಗೇಟಿನೊಳಗೆ ತಾಯಿಯಲ್ಲ

ಬೆಳಗಿನಿಂದ ಸೂಜಿಯಕ್ಕನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೆಟ್ಟಿಲು ಹತ್ತುತ್ತಾಳೆ, ಕಿಟಕಿಯಿಂದ ಗೇಟು ನೋಡುತ್ತಾಳೆ, ಮತ್ತೆ ಇಳಿಯುತ್ತಾಳೆ. ಮೊಣಕಾಲಿನ ಗೋಳು ಕೇಳುವವರಾರು!

ಈ ಕಟ್ಟಡವೇನು ಸಾಮಾನ್ಯದ್ದೇ? ಮರದ ವ್ಯಾಪಾರಿಯೊಬ್ಬ ಮೆರೆಯಲೆಂದೇ ಕಟ್ಟಿಸಿದ ಬಂಗಲೆ. ಅವನು ದಿವಾಳಿಯೆದ್ದ ಮೇಲೆ ಹೆಣ್ಣುಮಕ್ಕಳ ಖಾಸಗಿ ವಸತಿ ಶಾಲೆಯಾಯಿತು. ಔತಣದ ಹಜಾರದಲ್ಲಿ ಸಾಲು ಮಂಚಗಳು ಬಂದವು. ಮೂವತ್ತು ವರ್ಷ ಸೂಜಿಯಕ್ಕ ಇಲ್ಲಿ ಹರಿದದ್ದನ್ನು ಹೊಲಿದಳು, ಪ್ರತಿ ಬಟ್ಟೆಗೂ ಹುಡುಗಿಯ ನಂಬರು ಹೊಲಿದಳು. ಭೇಟಿಯ ದಿನ ಯಾವಳಾದರೂ “ಅಮ್ಮಾ” ಎಂದು ಕೂಗಿದರೆ, ಬಂದ ತಾಯಿಗೆ ಕುರ್ಚಿ ಹಾಕುವುದೂ ಇವಳದೇ ಕೆಲಸ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು, ಕಾವಲಿಗೆ ಇವಳು ಉಳಿದಳು. ಈಗ ಆಸ್ಪತ್ರೆಯವರು ಕೊಂಡಿದ್ದಾರೆ. ಒಳಗೋಡೆ ಒಡೆದು ವಾರ್ಡು ಮಾಡುತ್ತಾರಂತೆ. ಇವತ್ತು ಅಳತೆಗೆ ಇಂಜಿನಿಯರ್ ಬರುತ್ತಾಳೆ.

ಆ ಇಂಜಿನಿಯರ್ ಇವಳ ಮಗಳು. ಶಾಲೆಯಲ್ಲಿ ನಂಬರು ಅರವತ್ತೆರಡು.

ಮಗಳನ್ನು ಬಿಟ್ಟಿಯಾಗಿ ಸೇರಿಸಿಕೊಳ್ಳುವಾಗ ಹೆಡ್‌ಮಿಸ್ಸು ಹೇಳಿದ್ದು ಒಂದೇ ಮಾತು: “ಬೇರೆ ಮಕ್ಕಳಿಗೆ ಗೊತ್ತಾಗಬಾರದು. ಗೇಟೊಳಗೆ ನೀನು ಅವಳ ತಾಯಿಯಲ್ಲ.” ಹತ್ತು ವರ್ಷ ಮಗಳು ಎಲ್ಲರಂತೆ “ಸೂಜಿಯಕ್ಕ” ಅಂದಳು. ನಾಲಿಗೆಗೆ ಅಂಟಿದ್ದು ಬಿಡುತ್ತದೆಯೇ? ಓದು ಮುಗಿದ ಮೇಲೂ ಅದೇ, ಇಲ್ಲವೇ ಏನೆಂದೂ ಕರೆಯದೆ, ಬರೀ “ಊಟ ಆಯ್ತಾ?” ತಪ್ಪು ಯಾರದು? ತಲೆಯಾಡಿಸಿದವಳು ತಾನೇ ತಾನೆ! ಮಾಡಿದ್ದುಣ್ಣೋ ಮಹಾರಾಯ. ಆದರೂ ಗೋಡೆ ಒಡೆಯುವ ಮುಂಚೆ, ಇದೇ ಗೇಟಿನೊಳಗೆ, ಒಂದೇ ಒಂದು ಸಲ ಮಗಳು “ಅಮ್ಮಾ” ಅನ್ನಬೇಕು. ಅಷ್ಟೇ ಅವಳ ಆಸೆ.

ಜೀಪು ಬಂತು. ಮಗಳು ಮೇಸ್ತ್ರಿಯೊಂದಿಗೆ ಇಳಿದಳು. ಸೂಜಿಯಕ್ಕ ಗೋಡೆ ಬದಿಗೆ ಸರಿದು, “ಬನ್ನಿ ಮೇಡಂ” ಅಂದುಬಿಟ್ಟಳು. ಥೂ, ಹಾಳು ಬಾಯಿ!

ಮೂವರೂ ಬಟ್ಟೆ ಕೋಣೆಗೆ ಬಂದರು. ಗೋಡೆ ತುಂಬ ನಂಬರು ಬರೆದ ಖಾನೆಗಳು. ಮೇಸ್ತ್ರಿ ತಟ್ಟಿ ನೋಡಿದ.

“ಇವನ್ನೆಲ್ಲ ಕಿತ್ತು ಹಾಕೋದೇ ಅಲ್ವಾ ಮೇಡಂ? ಈಯಮ್ಮ ಯಾರು, ಕಾವಲಿನವರಾ?”

ಮಗಳು ಅರವತ್ತೆರಡರ ಖಾನೆಯೊಳಗೆ ಕೈಯಿಟ್ಟು ಸವರುತ್ತಿದ್ದಳು. ಸೂಜಿಯಕ್ಕನ ಕೈ ಸುಮ್ಮನಿರದೆ ಬೀಗದ ಕೈಗಳನ್ನು ಎಣಿಸತೊಡಗಿತು.

“ಅಮ್ಮಾ,” ಅಂದಳು ಮಗಳು.

ಸೂಜಿಯಕ್ಕ ಸರಕ್ಕನೆ ಮೂಲೆಯ ಕುರ್ಚಿ ಎಳೆದು, ಸೆರಗಿನಿಂದ ಒರೆಸಿ, ಬಾಗಿಲ ಕಡೆ ತಿರುಗಿದಳು.

“ಬನ್ನಿ, ಕೂತ್ಕೊಳ್ಳಿ. ಯಾವ ನಂಬರಿನ ತಾಯಿ?”

ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಗಳು ಬಂದು ಅವಳ ಭುಜ ಹಿಡಿದಳು.

“ಅರವತ್ತೆರಡು,” ಅಂದಳು. “ಕೂತ್ಕೋಮ್ಮ.”